ಎರಡೇ ಕೈ, ನಾಲ್ಕು ಸ್ಟಿಕ್: ಆ ಹಾಡಿನ ಡ್ರಮ್ಸ್ ನನಗೆ ಯಾಕೆ ಬರ್ತಿಲ್ಲ?

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಲೇಜು ಬ್ಯಾಂಡಿನಲ್ಲಿ ಎರಡು ವರ್ಷದಿಂದ ಡ್ರಮ್ಸ್ ನುಡಿಸುತ್ತೇನೆ. ಈ ಸಲ ಫೆಸ್ಟ್‌ಗೆ ಅಮೆರಿಕದ ಗಾಯಕ ಪಾಲ್ ಸೈಮನ್ ಅವರ ‘ಲೇಟ್ ಇನ್ ದಿ ಈವ್ನಿಂಗ್’ ಹಾಡಲೇಬೇಕು ಅಂತ ನಮ್ಮ ಗಿಟಾರಿಸ್ಟ್ ಹಟ ಹಿಡಿದಿದ್ದಾನೆ. ಹಾಡು ಸುಲಭವಾಗಿದೆ, ಡ್ರಮ್ಸ್ ಮಾತ್ರ ಕೈಗೆ ಹತ್ತುತ್ತಿಲ್ಲ. ನೋಟೇಶನ್ ಹುಡುಕಿ, ನಿಧಾನಕ್ಕೆ ಕಲಿತು, ಈಗ ಪೂರ್ತಿ ಸ್ಪೀಡಿನಲ್ಲಿ ಹೊಡೆಯುತ್ತೇನೆ. ಪೆಟ್ಟು ಎಲ್ಲವೂ ಸರಿ ಇವೆ. ಆದರೂ ಸಪ್ಪೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದೇನೆ, ದಯವಿಟ್ಟು ಕೇಳಿ. ಇದು ಸಾಂಬಾನಾ? ಮೂಲದಲ್ಲಿ ಇಬ್ಬರು ಡ್ರಮ್ಮರ್ ಇದ್ದರಾ? ಒಂದೊಂದು ಕೈಯಲ್ಲಿ ಎರಡೆರಡು ಸ್ಟಿಕ್ ಹಿಡಿದು ನುಡಿಸಿದ್ದು ಅಂತ ಒಬ್ಬರು ಹೇಳಿದರು. ನಿಜಾನಾ, ಸುಮ್ನೆ ಕಥೆನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ನೀವು ಓದುವುದಿಲ್ಲ. ನಿಜ. ಎರಡು ಕೈ, ನಾಲ್ಕು ಸ್ಟಿಕ್. ಡ್ರಮ್ಮರ್ ಒಬ್ಬರೇ, ಹೆಸರು ಸ್ಟೀವ್ ಗ್ಯಾಡ್. ಮತ್ತೆ ಇದು ಸಾಂಬಾ ಅಲ್ಲ. ಸಾಂಬಾ ಬ್ರೆಜಿಲ್‌ನದು. ಈ ತಾಳದ ನಡೆಯ ಬೇರು ಕ್ಯೂಬಾದಲ್ಲಿದೆ. ಅದರ ಹೆಸರು ಮೊಸಾಂಬಿಕೆ.

ನಿಮಗೆ ಸಾಂಬಾ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಡೆ ಬಹಳ ಜನಕ್ಕೆ ಲ್ಯಾಟಿನ್ ಅಂದರೆ ಕೀಬೋರ್ಡಿನ ಒಂದು ಸಾಲು ಬಟನ್. ಬೊಸಾ ನೋವಾ, ಸಾಂಬಾ, ರುಂಬಾ, ಚಾ ಚಾ ಚಾ. ಆರ್ಕೆಸ್ಟ್ರಾದಲ್ಲಿ ನಾನೂ ಹಾಗೇ ಕಲಿತವನು. ರಿದಮ್ ಪ್ಯಾಡ್‌ನವನು ಬರಲಿಲ್ಲ ಅಂದರೆ ಕೀಬೋರ್ಡಿನವರು ಯಾವುದೋ ಒಂದು ಬಟನ್ ಒತ್ತುತ್ತಿದ್ದರು, ನಾನು ಅದರ ಮೇಲೆ ತುಂಬಾ ಬಾರಿಸುತ್ತಿದ್ದೆ. ತುಂಬಾ ಅಂದರೆ ಜಾಸ್ತಿ ಅಲ್ಲ, ಕೊಂಗಾ, ಕೈಯಿಂದ ಬಾರಿಸುವ ಉದ್ದನೆಯ ಡ್ರಮ್ಮು! ಸಿನಿಮಾ ಸಂಗೀತದವರು ಮತ್ತು ಆರ್ಕೆಸ್ಟ್ರಾದವರು ಕೊಂಗಾಕ್ಕೆ ಇವತ್ತಿಗೂ ತುಂಬಾ ಅನ್ನುತ್ತಾರೆ. ಅದು ಕ್ಯೂಬಾದವರ ‘ತುಂಬಾದೋರಾ’ ಅನ್ನುವ ಹೆಸರೇ. ಆ ಪದ ನಮ್ಮ ಕಡೆಗೂ ಬಂತು, ಬಾರಿಸುವ ರೀತಿಯ ಹಿಂದಿನ ಲೆಕ್ಕ ಮಾತ್ರ ಪೂರ್ತಿ ಬರಲಿಲ್ಲ. ನಿಮ್ಮ ತೊಂದರೆ ಇರುವುದೂ ಆ ಲೆಕ್ಕದಲ್ಲೇ.

ನೀವು ಕಳಿಸಿದ್ದನ್ನು ನಾಲ್ಕು ಸಲ ಕೇಳಿದೆ. ಪೆಟ್ಟು ಎಲ್ಲ ಸರಿ ಇವೆ ಅಂದಿರಿ, ಒಪ್ಪಿದೆ. ಆದರೆ ನೋಟೇಶನ್‌ನಲ್ಲಿ ಇಲ್ಲದ ಒಂದು ಪೆಟ್ಟೂ ಇದೆ. ಎರಡನೇ ಮತ್ತು ನಾಲ್ಕನೇ ಎಣಿಕೆಗೆ ನಿಮ್ಮ ಎಡಗೈ ಸ್ನೇರ್ ಅನ್ನುವ ಚಪ್ಪಟೆ ಡ್ರಮ್ಮಿನ ಮೇಲೆ ‘ಟಪ್’ ಅಂತ ಬೀಳುತ್ತಿದೆ. ಜೋರಾಗಿ ಅಲ್ಲ. ನಿಮಗೆ ಗೊತ್ತೇ ಆಗಿಲ್ಲ ಅಂತ ಕಾಣುತ್ತದೆ. ಎರಡು ವರ್ಷ ರಾಕ್ ನುಡಿಸಿದ ಕೈ ಅದು, ತನ್ನ ಪಾಡಿಗೆ ತಾನು ಬೀಳುತ್ತದೆ. ಆ ಒಂದು ಪೆಟ್ಟಿನಿಂದ ಇಡೀ ನಡೆ ಸಾದಾ ಆಗಿಬಿಡುತ್ತದೆ. ಇದನ್ನು ಬಿಡಿಸುವುದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಯಾಕೆ ಬಿಡಬೇಕು ಅನ್ನುವುದು ಮೊದಲು ಗೊತ್ತಾಗಬೇಕು.

ಹಾಡು ಬಂದದ್ದು 1980ರಲ್ಲಿ, ‘ಒನ್-ಟ್ರಿಕ್ ಪೋನಿ’ ಅನ್ನುವ ಆಲ್ಬಮ್‌ನಲ್ಲಿ. ಅದೇ ಹೆಸರಿನ ಸಿನಿಮಾ ಕೂಡ ಇತ್ತು. ಸೈಮನ್ ಅವರೇ ಬರೆದು, ಅವರೇ ನಾಯಕನಾಗಿ ನಟಿಸಿದ್ದು. ಸಿನಿಮಾ ಮಕಾಡೆ ಮಲಗಿತು. ಹಾಡು ಮಾತ್ರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಹೋಯಿತು. ಸಿನಿಮಾದಲ್ಲಿ ನಾಯಕನ ಬ್ಯಾಂಡಿನವರಾಗಿ ಕಾಣಿಸಿಕೊಂಡವರು ನಿಜಕ್ಕೂ ಅವರ ಜೊತೆ ನುಡಿಸುತ್ತಿದ್ದವರೇ: ಡ್ರಮ್ಸ್‌ಗೆ ಗ್ಯಾಡ್, ಬೇಸ್‌ಗೆ ಟೋನಿ ಲೆವಿನ್, ಕೀಬೋರ್ಡ್‌ಗೆ ರಿಚರ್ಡ್ ಟೀ, ಗಿಟಾರ್‌ಗೆ ಎರಿಕ್ ಗೇಲ್. ನಾಲ್ವರೂ ಆ ಕಾಲದ ನ್ಯೂಯಾರ್ಕ್ ಸ್ಟುಡಿಯೋಗಳಲ್ಲಿ ಬಿಡುವಿಲ್ಲದೆ ದುಡಿಯುತ್ತಿದ್ದವರು.

ಹಾಡಿನ ಕಥೆ ಏನು ಅಂತ ಗಮನಿಸಿದ್ದೀರಾ? ಒಂದೆರಡು ವರ್ಷದ ಮಗು ಹಾಸಿಗೆಯಲ್ಲಿ ಮಲಗಿದೆ. ಪಕ್ಕದ ಕೋಣೆಯಿಂದ ರೇಡಿಯೋ ಕೇಳಿಸುತ್ತಿದೆ, ಅಮ್ಮ ನಗುವುದು ಕೇಳಿಸುತ್ತಿದೆ. ಆಮೇಲೆ ಅವನು ದೊಡ್ಡವನಾಗುತ್ತಾನೆ. ಬೀದಿ ಮೂಲೆಯಲ್ಲಿ ಹುಡುಗರು ಗುಂಪು ಕಟ್ಟಿಕೊಂಡು ಹಾಡುತ್ತಾರೆ. ಮುಂದೆ ಅವನೇ ಗಿಟಾರ್ ಎತ್ತಿಕೊಂಡು ವೇದಿಕೆ ಹತ್ತುತ್ತಾನೆ. ಸೈಮನ್ ಬೆಳೆದದ್ದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ. ಆ ಊರಿನ ಗೋಡೆ, ಕಿಟಕಿ, ಬೀದಿಗಳಿಂದ ತೂರಿ ಬರುತ್ತಿದ್ದ ಸಂಗೀತದಲ್ಲಿ ಪೋರ್ಟೊ ರಿಕೊದವರ, ಕ್ಯೂಬಾದವರ ಸಂಗೀತವೂ ಇತ್ತು. ಹಾಗಾಗಿ ಈ ಡ್ರಮ್ಸ್ ಹಾಡಿಗೆ ಹಚ್ಚಿದ ಬಣ್ಣ ಅಂತ ನನಗೆ ಅನ್ನಿಸುವುದಿಲ್ಲ. ಹಾಡು ಹೇಳುತ್ತಿರುವ ಆ ಬೀದಿಯೇ ಡ್ರಮ್ಸ್‌ನಲ್ಲಿದೆ. ಒಬ್ಬ ಮನುಷ್ಯ ಸೆಟ್ ಮುಂದೆ ಕೂತು ನುಡಿಸಿದ ಹಾಗೆ ಕೇಳಬಾರದು ಅದು. ನಾಲ್ಕೈದು ಜನ ಬೀದಿಯಲ್ಲಿ ಬಾರಿಸಿಕೊಂಡು ಹೋದ ಹಾಗೆ ಕೇಳಬೇಕು.

ಮೊಸಾಂಬಿಕೆ ಹುಟ್ಟಿದ್ದೂ ಹಾಗೇ, ಬೀದಿಯ ಸಂಗೀತದಿಂದ. ಆಫ್ರಿಕಾದಲ್ಲಿ ಮೊಜಾಂಬಿಕ್ ಅನ್ನುವ ದೇಶವಿದೆ, ಆ ಹೆಸರೇ ಇದಕ್ಕೂ. ಅಲ್ಲಿನ ಸಂಗೀತಕ್ಕೂ ಇದಕ್ಕೂ ಸಂಬಂಧ ಇಲ್ಲ. ಹವಾನಾದಲ್ಲಿ ಪೆದ್ರೊ ಇಸ್ಕಿಯೆರ್ದೊ ಅನ್ನುವ ತಾಳವಾದ್ಯಗಾರರು 1963ರಲ್ಲಿ ಇದನ್ನು ಕಟ್ಟಿದರು. ಜನ ಅವರನ್ನು ಪೆಯೊ ಎಲ್ ಆಫ್ರೊಕಾನ್ ಅಂತ ಕರೆಯುತ್ತಿದ್ದರು. ಕ್ಯೂಬಾದಲ್ಲಿ ಕಾರ್ನಿವಲ್ ಹೊತ್ತಿಗೆ ಬೀದಿಯಲ್ಲಿ ಕೊಂಗಾ ಮೆರವಣಿಗೆ ಹೋಗುತ್ತದೆ. ಹೆಗಲಿಗೆ ನೇತುಹಾಕಿಕೊಂಡ ಡೋಲುಗಳು, ಬೊಂಬೊ ಅನ್ನುವ ದಪ್ಪ ಡ್ರಮ್ಮು, ಕಬ್ಬಿಣದ ಗಂಟೆಗಳು, ತುತ್ತೂರಿ. ನಮ್ಮಲ್ಲಿ ಗಣಪತಿ ಬಿಡುವಾಗ ತಮಟೆಯವರ ಹಿಂದೆ ಹೋದವರಿಗೆ ಆ ವಾತಾವರಣ ವಿವರಿಸಬೇಕಾಗಿಲ್ಲ. ಪೆಯೊ ಆ ಮೆರವಣಿಗೆಯ ಸದ್ದನ್ನು ದೊಡ್ಡ ತಂಡಕ್ಕೆ ತಂದರು. ತಾವೇ ಸುತ್ತ ಐದು ಕೊಂಗಾ ಇಟ್ಟುಕೊಂಡು ನುಡಿಸುತ್ತಿದ್ದರು. 60ರ ದಶಕದ ಮಧ್ಯದಲ್ಲಿ ಕ್ಯೂಬಾಕ್ಕೆ ಇದರ ಹುಚ್ಚು ಹಿಡಿದಿತ್ತು.

ಗಮನಿಸಬೇಕಾದ್ದು ಏನೆಂದರೆ, ಅಲ್ಲಿ ಯಾರೊಬ್ಬರೂ ಪೂರ್ತಿ ನಡೆಯನ್ನು ನುಡಿಸುವುದಿಲ್ಲ. ಗಂಟೆಯವನಿಗೆ ಗಂಟೆಯ ಸಾಲು. ಬೊಂಬೊದವನಿಗೆ ಎರಡೋ ಮೂರೋ ಪೆಟ್ಟು. ಕೊಂಗಾದವರು ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು. ಒಬ್ಬೊಬ್ಬರದ್ದನ್ನೇ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಸೇರಿದಾಗಲೇ ಅದು ಮೊಸಾಂಬಿಕೆ.

ಆಗ ಕ್ಯೂಬಾ ಮತ್ತು ಅಮೆರಿಕದ ನಡುವೆ ಮಾತುಕತೆ ನಿಂತುಹೋಗಿತ್ತು. 1962ರಿಂದ ವ್ಯಾಪಾರವೂ ಬಂದ್. ಆದರೂ ತಾಳ ದಾಟಿ ಬಂತು. ನ್ಯೂಯಾರ್ಕ್‌ನಲ್ಲಿ ಎಡ್ಡಿ ಪಾಲ್ಮಿಯೆರಿ ಅನ್ನುವ ಪಿಯಾನೋ ವಾದಕರಿದ್ದರು. ಅಪ್ಪ ಅಮ್ಮ ಪೋರ್ಟೊ ರಿಕೊದವರು, ಇವರು ಹುಟ್ಟಿದ್ದು ನ್ಯೂಯಾರ್ಕ್‌ನಲ್ಲೇ. 1965ರಲ್ಲಿ ಅವರು ‘ಮಾಂಬೊ ಕೊನ್ ಕೊಂಗಾ ಇಸ್ ಮೊಸಾಂಬಿಕೆ’ ಅಂತ ಒಂದು ರೆಕಾರ್ಡ್ ತಂದರು. ಅವರ ‘ಲಾ ಪರ್ಫೆಕ್ತಾ’ ತಂಡದಲ್ಲಿ ತಿಂಬಾಲೆಸ್ (ಸ್ಟಿಕ್‌ನಿಂದ ಬಾರಿಸುವ ಜೋಡಿ ಡ್ರಮ್ಮು) ನುಡಿಸುತ್ತಿದ್ದವರು ಮ್ಯಾನಿ ಒಕೆಂಡೊ. ಹವಾನಾದಲ್ಲಿ ದೊಡ್ಡ ದಂಡೇ ಸೇರಿ ಮಾಡುತ್ತಿದ್ದನ್ನು ಇಲ್ಲಿ ತಿಂಬಾಲೆಸ್, ಬೊಂಗೊ (ಕೈಯಿಂದ ಬಾರಿಸುವ ಚಿಕ್ಕ ಜೋಡಿ ಡ್ರಮ್ಮು) ನುಡಿಸುವವನ ಗಂಟೆ, ಕೊಂಗಾ ಇಷ್ಟಕ್ಕೇ ಇಳಿಸಿದರು. ಅಲ್ಲಿಗೆ ಅದು ಹವಾನಾದ ನಡೆಯಾಗಿ ಉಳಿಯಲಿಲ್ಲ. ಸಂಗೀತಗಾರರು ಈಗಲೂ ಕ್ಯೂಬಾದ ಮೊಸಾಂಬಿಕೆ ಬೇರೆ, ನ್ಯೂಯಾರ್ಕ್ ಮೊಸಾಂಬಿಕೆ ಬೇರೆ ಅಂತಲೇ ಹೇಳುತ್ತಾರೆ. ಡ್ರಮ್ ಸೆಟ್‌ನವರು ಎತ್ತಿಕೊಂಡದ್ದು ಈ ಎರಡನೆಯದನ್ನು.

ಈಗ ಗ್ಯಾಡ್ ವಿಷಯಕ್ಕೆ ಬರೋಣ. 1945ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಡ್ರಮ್ಸ್ ಜೊತೆಗೆ ಟ್ಯಾಪ್ ಡಾನ್ಸ್ ಕಲಿತಿದ್ದರು. ಆಮೇಲೆ ಡ್ರಮ್ ಕೋರ್ ಅನ್ನುವ ಕವಾಯತಿನ ವಾದ್ಯತಂಡ, ಈಸ್ಟ್‌ಮನ್ ಸಂಗೀತ ಶಾಲೆ, ನಂತರ ಮಿಲಿಟರಿ ಬ್ಯಾಂಡ್. ಟೋನಿ ಲೆವಿನ್ ಕೂಡ ಈಸ್ಟ್‌ಮನ್‌ನವರೇ. ಸೈಮನ್ ಅವರ ‘50 ವೇಸ್ ಟು ಲೀವ್ ಯುವರ್ ಲವರ್’ ಕೇಳಿದ್ದೀರಲ್ಲ? 1976ರಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಅದರ ಶುರುವಿನಲ್ಲಿ ಬರುವ ಸ್ನೇರ್ ಅಪ್ಪಟ ಪರೇಡ್ ಮೈದಾನದ್ದು. ಮಿಲಿಟರಿ ಬ್ಯಾಂಡಿನ ಉರುಳಿಕೆಯನ್ನು ಪಿಸುಮಾತಿನಷ್ಟು ಮೆಲ್ಲಗೆ ನುಡಿಸಿದರೆ ಹೇಗಿರುತ್ತದೋ ಹಾಗೆ. ಅದೇ ವರ್ಷ ಬಂದ ಚಿಕ್ ಕೋರಿಯಾ ಅವರ ‘ದಿ ಲೆಪ್ರೆಕಾನ್’ನಲ್ಲೂ ನುಡಿಸಿದರು. ಲ್ಯಾಟಿನ್ ತಾಳಗಳನ್ನು ಅರೆದು ಕುಡಿದ ಪಿಯಾನೋ ವಾದಕ ಕೋರಿಯಾ. ಅಂಥವರ ಎದುರು ಕೂತರೆ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ.

ಗ್ಯಾಡ್ ಕೈಚಳಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅವರಲ್ಲಿ ದೊಡ್ಡದಾಗಿ ಕಾಣುವುದು ಬಿಡುವ ಗುಣ. ಈ ಹಾಡಿನಲ್ಲಿ ಅವರು ಏನು ಬಿಟ್ಟಿದ್ದಾರೆ ಕೇಳಿ. ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆಗಳ ‘ಚಿಕ್ ಚಿಕ್ ಚಿಕ್’ ಮೇಲೆ ಹಾಡು ಕೂತಿಲ್ಲ. ಎರಡು-ನಾಲ್ಕರ ಸ್ನೇರ್ ಪೆಟ್ಟು ಹಾಡನ್ನು ಎಳೆದುಕೊಂಡು ಹೋಗುವುದಿಲ್ಲ. 1980ರ ಪಾಪ್ ಹಾಡಿಗೆ ಇದು ಸಣ್ಣ ಧೈರ್ಯ ಅಲ್ಲ. ಡಿಸ್ಕೋ ಇನ್ನೂ ಪೂರ್ತಿ ಆರದ ಕಾಲ ಅದು, ಸ್ನೇರ್ ಇಲ್ಲದಿದ್ದರೆ ಜನ ಕುಣಿಯುವುದಿಲ್ಲ ಅನ್ನುವ ನಂಬಿಕೆ. ಅಂಥದ್ದರಲ್ಲಿ ಇವರು ಟಾಮ್ ಅನ್ನುವ ಡ್ರಮ್ಮುಗಳನ್ನೂ ಗಂಟೆಯ ಸಾಲನ್ನೂ ಮುಂದೆ ತಂದರು. ಟಾಮ್ ಕೊಂಗಾದ ಕೆಲಸ ಮಾಡುತ್ತದೆ. ಕಾಲಿನಿಂದ ಹೊಡೆಯುವ ಕಿಕ್ ಬೊಂಬೊದ ಕೆಲಸ ಮಾಡುತ್ತದೆ. ನಾಲ್ಕು ಜನರ ಪಾಲು, ಒಬ್ಬರ ಎರಡು ಕೈ, ಎರಡು ಕಾಲು.

ನಾಲ್ಕು ಸ್ಟಿಕ್ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇದನ್ನು ನೀವೇ ಪರೀಕ್ಷಿಸಬಹುದು, ಐದು ನಿಮಿಷ ಸಾಕು. ಫ್ಲೋರ್ ಟಾಮ್ ಮೇಲೆ ಒಂದು ಸ್ಟಿಕ್‌ನಿಂದ ಒಂದು ಪೆಟ್ಟು ಹಾಕಿ. ‘ಧಂ’ ಅನ್ನುತ್ತದೆ, ಅಂಚು ಚೂಪಾಗಿರುತ್ತದೆ. ಈಗ ಅದೇ ಕೈಯಲ್ಲಿ ಎರಡು ಸ್ಟಿಕ್ ಹಿಡಿದು, ಮಧ್ಯೆ ತೋರುಬೆರಳು ತೂರಿಸಿ, ತುದಿಗಳು ಎರಡು ಮೂರು ಬೆರಳಷ್ಟು ಅಗಲವಾಗುವ ಹಾಗೆ ಮಾಡಿ. ಅಷ್ಟೇ ಜೋರಿನಿಂದ ಹಾಕಿ. ಎರಡು ತುದಿ ಒಂದೇ ಕ್ಷಣಕ್ಕೆ ಚರ್ಮ ಮುಟ್ಟುವುದಿಲ್ಲ. ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಮುಟ್ಟುವ ಜಾಗವೂ ಬೇರೆ, ಒಂದು ನಡುವಿಗೆ ಹತ್ತಿರ, ಇನ್ನೊಂದು ಅಂಚಿಗೆ ಹತ್ತಿರ. ಹಾಗಾಗಿ ಪೆಟ್ಟಿನ ಅಂಚು ಮಸುಕಾಗಿ, ಸದ್ದು ಅಗಲವಾಗುತ್ತದೆ. ಇಬ್ಬರು ಒಟ್ಟಿಗೆ ಬಾರಿಸಿದಾಗಲೂ ಆಗುವುದು ಇದೇ ತಾನೆ? ಭಜನೆಯಲ್ಲಿ ಹತ್ತು ಜನ ಒಂದೇ ಸಲ ಚಪ್ಪಾಳೆ ತಟ್ಟಿದರೂ ಅದು ಒಬ್ಬನ ದೊಡ್ಡ ಚಪ್ಪಾಳೆಯ ಹಾಗೆ ಕೇಳುವುದಿಲ್ಲ. ಆ ಸಣ್ಣ ಹೊಂದಾಣಿಕೆ ತಪ್ಪುವಿಕೆಯಿಂದಲೇ ನಮಗೆ ಗುಂಪು ಅನ್ನಿಸುವುದು.

1983ರಲ್ಲಿ ಗ್ಯಾಡ್ ‘ಅಪ್ ಕ್ಲೋಸ್’ ಅಂತ ಒಂದು ಪಾಠದ ವಿಡಿಯೋ ಮಾಡಿದರು. ಅದರಲ್ಲಿ ನಾಲ್ಕು ಸ್ಟಿಕ್ ಹಿಡಿದು ಈ ನಡೆಯನ್ನು ತೋರಿಸಿದ್ದಾರೆ. ಸಿಕ್ಕರೆ ನೋಡಿ, ಆದರೆ ಕೈ ನೋಡಬೇಡಿ. ಅವರ ಭುಜ ಎಷ್ಟು ಸಡಿಲವಾಗಿದೆ ನೋಡಿ.

ನನ್ನದೊಂದು ಅವಮಾನದ ಕಥೆ ಹೇಳಿಬಿಡುತ್ತೇನೆ. ಯಾರೋ ಗೆಳೆಯರ ಕ್ಯಾಸೆಟ್‌ನಿಂದ ಈ ಹಾಡು ನನ್ನ ಕಿವಿಗೆ ಬಿದ್ದಿತ್ತು. ನಾಲ್ಕು ಸ್ಟಿಕ್ ವಿಷಯ ಗೊತ್ತಾದದ್ದು ಬಹಳ ವರ್ಷ ಕಳೆದ ಮೇಲೆ. ಗೊತ್ತಾದದ್ದೇ ತಡ, ಪ್ರಾಕ್ಟೀಸ್ ಇಲ್ಲ, ಏನಿಲ್ಲ, ಒಂದು ಗಣೇಶೋತ್ಸವದ ರಸಮಂಜರಿಯಲ್ಲಿ ಹಿಡಿದೇಬಿಟ್ಟೆ. ಯಾವುದೋ ಕುಣಿತದ ಹಾಡು. ಮೊದಲ ಚರಣ ಮುಗಿಯುವ ಹೊತ್ತಿಗೆ ಅಂಗೈ ಬೆವರಿ, ಬಲಗೈಯ ಹೊರಗಿನ ಸ್ಟಿಕ್ ಹಾರಿತು. ಹಾರಿದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರ ಮಡಿಲಿಗೆ. ಅವರು ಅದನ್ನು ಕಾರ್ಯಕ್ರಮ ಮುಗಿಯುವವರೆಗೂ ಊರುಗೋಲಿನ ಹಾಗೆ ನೆಟ್ಟಗೆ ಹಿಡಿದುಕೊಂಡು ಕೂತಿದ್ದರು. ಕೊನೆಗೆ ವೇದಿಕೆಗೆ ತಂದುಕೊಟ್ಟು, ‘ತಮ್ಮಾ, ಎರಡೇ ಸಾಕಲ್ವಾ?’ ಅಂದರು. ಅವರ ಮಾತು ಸರಿಯಾಗಿತ್ತು. ಆವತ್ತು ನನ್ನ ನಡೆ ಎರಡು ಸ್ಟಿಕ್‌ನಲ್ಲೇ ನೆಟ್ಟಗಿರಲಿಲ್ಲ.

ನಿಮಗೂ ಅದನ್ನೇ ಹೇಳುವುದು. ಸದ್ಯಕ್ಕೆ ಎರಡು ಸ್ಟಿಕ್ ಎತ್ತಿಡಿ. ಉಳಿದೆರಡನ್ನೂ ಎತ್ತಿಡಿ. ಮೊದಲು ಬಾಯಿ ಮತ್ತು ಚಪ್ಪಾಳೆ.

ಕ್ಯೂಬಾದ ಸಂಗೀತದ ಒಳಗೆ ಕ್ಲಾವೆ ಅಂತ ಒಂದು ಲೆಕ್ಕ ಓಡುತ್ತಿರುತ್ತದೆ. ಗಟ್ಟಿ ಮರದ ಎರಡು ತುಂಡುಗಳನ್ನು ತಟ್ಟಿ ಅದನ್ನು ನುಡಿಸುತ್ತಾರೆ, ಆ ತುಂಡುಗಳ ಹೆಸರೂ ಅದೇ. ಎಷ್ಟೋ ಸಲ ಅದನ್ನು ಯಾರೂ ನುಡಿಸುತ್ತಿರುವುದಿಲ್ಲ, ಆದರೂ ಎಲ್ಲರ ತಲೆಯಲ್ಲೂ ಇರುತ್ತದೆ. ಇದನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು-ಆ್ಯಂಡ್-ಎರಡು-ಆ್ಯಂಡ್ ಅಂತ ಎಣಿಸಿ ಕಲಿಸುತ್ತಾರೆ. ನಾನು ಹಾಗೆ ಕಲಿಯುವುದಕ್ಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಂದು ದಿನ ಮೃದಂಗದ ಗೆಳೆಯರೊಬ್ಬರ ಮುಂದೆ ಚಪ್ಪಾಳೆ ತಟ್ಟಿ ತೋರಿಸಿದೆ. ಅವರು ಕಾಫಿ ಲೋಟ ಕೆಳಗಿಡದೆ ಹೇಳಿಬಿಟ್ಟರು: ‘ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಹದಿನಾರು. ಇದರಲ್ಲಿ ಕಷ್ಟ ಏನಿದೆ?’

ಕೊನ್ನಕ್ಕೋಲ್‌ನಲ್ಲಿ, ಅಂದರೆ ತಾಳವನ್ನು ಬಾಯಲ್ಲಿ ನುಡಿಯುವ ನಮ್ಮ ಪದ್ಧತಿಯಲ್ಲಿ ಹೇಳಿದರೆ ಹೀಗೆ:

ತಕಿಟ ತಕಿಟ ತಕಧಿಮಿ ತಕ ತಕಧಿಮಿ

ಪ್ರತಿ ಗುಂಪಿನ ಮೊದಲ ‘ತ’ಕ್ಕೆ ಒಂದು ಚಪ್ಪಾಳೆ. ಐದು ಗುಂಪು, ಐದು ಚಪ್ಪಾಳೆ. ಅಷ್ಟೇ ಕ್ಲಾವೆ. ಇದಕ್ಕೆ ಸೊನ್ ಕ್ಲಾವೆ ಅನ್ನುತ್ತಾರೆ. ಮೊದಲರ್ಧದಲ್ಲಿ ಮೂರು ಪೆಟ್ಟು, ಎರಡನೇ ಅರ್ಧದಲ್ಲಿ ಎರಡು, ಹಾಗಾಗಿ ಮೂರು-ಎರಡು ಅಂತಲೂ ಕರೆಯುತ್ತಾರೆ.

ರುಂಬಾ ಕ್ಲಾವೆ ಅಂತ ಅದರ ತಮ್ಮ ಒಬ್ಬನಿದ್ದಾನೆ. ಮೂರನೇ ಪೆಟ್ಟು ಒಂದೇ ಒಂದು ಅಕ್ಷರ ತಡ:

ತಕಿಟ ತಕಧಿಮಿ ತಕಿಟ ತಕ ತಕಧಿಮಿ

ಎರಡನ್ನೂ ಬೆನ್ನಿಗೆ ಬೆನ್ನು ಹೇಳಿ ನೋಡಿ. ಒಂದು ಅಕ್ಷರ ಜರುಗಿದ್ದಕ್ಕೆ ನಡಿಗೆಯೇ ಬೇರೆಯಾಗುತ್ತದೆ. ಸೊನ್ ನಡೆದುಕೊಂಡು ಹೋಗುತ್ತದೆ, ರುಂಬಾ ಸ್ವಲ್ಪ ಎಡವಿದಂತೆ ಮಾಡಿ ನಗುತ್ತದೆ. ನೀವು ಸೊನ್‌ನಿಂದ ಶುರು ಮಾಡಿ.

ಈಗ ಕಾಲು ಸೇರಿಸಿ. ಹದಿನಾರು ಅಕ್ಷರಕ್ಕೆ ನಾಲ್ಕು ಸಲ, ಸಮಾನ ಅಂತರದಲ್ಲಿ ಎಡಗಾಲು ತಟ್ಟಿ. 1, 5, 9, 13ನೇ ಅಕ್ಷರಕ್ಕೆ ಬೀಳಬೇಕು. ಬಾಯಲ್ಲಿ ಅದು ಹೀಗೆ ಬರುತ್ತದೆ: ಮೊದಲ ತಕಿಟದ ‘ತ’, ಎರಡನೇ ತಕಿಟದ ‘ಕಿ’, ತಕಧಿಮಿಯ ‘ಧಿ’, ಮತ್ತೆ ಕೊನೆಯ ತಕಧಿಮಿಯ ‘ತ’. ಐದು ಚಪ್ಪಾಳೆಯಲ್ಲಿ ಕಾಲಿನ ಜೊತೆ ಕೂಡುವುದು ಎರಡೇ, ಮೊದಲನೆಯದು ಮತ್ತು ಕೊನೆಯದು. ನಡುವಿನ ಮೂರೂ ಕಾಲಿನಿಂದ ತಪ್ಪಿಸಿಕೊಂಡು ಓಡುತ್ತವೆ. ಕಾಲಿಗೂ ಚಪ್ಪಾಳೆಗೂ ಇದೊಂದು ಜಗಳ. ಈ ಜಗಳ ಕೇಳುತ್ತಾ ಇರುವುದರಿಂದಲೇ ಕೇಳುವವನ ಸೊಂಟ ಅಲ್ಲಾಡುವುದು. ನಿಮ್ಮ ಎಡಗೈ ಎರಡು-ನಾಲ್ಕಕ್ಕೆ ಸ್ನೇರ್ ಹಾಕಿದಾಗ ಏನಾಗುತ್ತದೆ? ಜಗಳ ಬಿಡಿಸಲು ಬಂದ ಹಿರಿಯನ ಹಾಗೆ ನಡುವೆ ನಿಂತು ಎಲ್ಲರನ್ನೂ ಸಮಾಧಾನ ಮಾಡಿ ಮನೆಗೆ ಕಳಿಸುತ್ತದೆ. ಆಮೇಲೆ ಸಪ್ಪೆ ಅನ್ನಿಸದೆ ಇನ್ನೇನು?

ಒಂದು ವಾರ ಇಷ್ಟೇ ಮಾಡಿ. ಬಸ್ಸಿನಲ್ಲಿ, ಹಾಸ್ಟೆಲ್ ಮೆಟ್ಟಿಲು ಹತ್ತುವಾಗ, ತಟ್ಟೆ ತೊಳೆಯುವಾಗ. ಬಾಯಿ ನಿಲ್ಲಿಸಿದ ಮೇಲೂ ಒಳಗೆ ಓಡುತ್ತಿರಬೇಕು. ರೂಮ್‌ಮೇಟ್ ಬೈದರೆ ಸರಿಯಾದ ದಾರಿಯಲ್ಲಿದ್ದೀರಿ.

ಆಮೇಲೆ ಸೆಟ್ ಮುಂದೆ ಕೂರಿ. ಸ್ನೇರ್ ಕೆಳಗಿನ ತಂತಿ ಸಡಿಲಿಸಿ, ಆ ‘ಚರ್’ ಸದ್ದು ಹೋಗಲಿ. ಈಗ ನಾನು ಪಾಠದಲ್ಲಿ ಕೊಡುವ ಸರಳ ರೂಪ ಹೇಳುತ್ತೇನೆ. ಇದು ರೆಕಾರ್ಡಿನ ನಕಲಲ್ಲ, ಅಲ್ಲಿಗೆ ಹತ್ತುವ ಮೆಟ್ಟಿಲು. ಬಲಗೈ ಫ್ಲೋರ್ ಟಾಮ್‌ನ ಪಕ್ಕದ ಕಟ್ಟಿಗೆಯ ಮೇಲೆ ಕ್ಲಾವೆ ನುಡಿಸಲಿ. ಚರ್ಮದ ಮೇಲಲ್ಲ, ಕಟ್ಟಿಗೆಯ ಮೇಲೆ. ತಿಂಬಾಲೆಸ್‌ನವರೂ ಡ್ರಮ್ಮಿನ ಮೈಯ ಮೇಲೆ ಹೀಗೆ ಬಾರಿಸುತ್ತಾರೆ. ಎಡಗೈಗೆ ಕೊಂಗಾದವನ ಕೆಲಸ. ಮೊದಲರ್ಧದ ಕೊನೆಯ ಎರಡು ಅಕ್ಷರ, ಅಂದರೆ ಮೂರನೇ ಗುಂಪಿನ ‘ತಕ’. ಎರಡನೇ ಅರ್ಧದ ಕೊನೆಯ ಎರಡು ಅಕ್ಷರ, ಅಂದರೆ ಕೊನೆಯ ಗುಂಪಿನ ‘ಧಿಮಿ’. ಇವೆರಡೇ ಜಾಗದಲ್ಲಿ ಟಾಮ್ ಮೇಲೆ ಎರಡೆರಡು ಪೆಟ್ಟು. ಕೊಂಗಾದವರು ಅಂಗೈ ಎತ್ತಿ ಬಿಡುವ ಆ ‘ತುಂ ತುಂ’ ಇಲ್ಲೇ ಬರುವುದು. ಉಳಿದ ಹೊತ್ತಿನಲ್ಲಿ ಎಡಗೈ ಸುಮ್ಮನಿರಲಿ. ಸುಮ್ಮನಿರುವುದೇ ನಿಮಗೆ ಕಷ್ಟವಾಗುತ್ತದೆ ನೋಡಿ. ಬೇಕಾದರೆ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪೆಟ್ಟಿನ ಹೊತ್ತಿಗೆ ಮಾತ್ರ ಎತ್ತಿ.

ಕಿಕ್‌ಗೆ ಒಂದೇ ಪೆಟ್ಟು ಸಾಕು. ಎರಡನೇ ತಕಿಟದ ‘ತ’. ಕ್ಲಾವೆಯ ಎರಡನೇ ಪೆಟ್ಟಿನ ಜೊತೆ. ಆ ಜಾಗಕ್ಕೆ ಅಲ್ಲಿನವರು ಬೊಂಬೊ ಅಂತಲೇ ಹೆಸರಿಟ್ಟಿದ್ದಾರೆ, ಮೆರವಣಿಗೆಯ ಆ ದಪ್ಪ ಡ್ರಮ್ಮಿನ ಹೆಸರು. ಒಂದನೇ ಎಣಿಕೆಗೆ ಕಿಕ್ ಹಾಕಬೇಡಿ. ಕಾಲು ತುರಿಸುತ್ತದೆ, ತಡೆದುಕೊಳ್ಳಿ.

ಇದು ಕೂತ ಮೇಲೆ ಬಲಗೈಯ ಕ್ಲಾವೆಯನ್ನು ಬಿಟ್ಟು, ನಿಮ್ಮ ನೋಟೇಶನ್‌ನಲ್ಲಿರುವ ಗಂಟೆಯ ಸಾಲು ಹಾಕಿ. ಆಗ ಕ್ಲಾವೆ ಎಲ್ಲೂ ಕೇಳಿಸುವುದಿಲ್ಲ, ಒಳಗಿರುತ್ತದೆ. ಹಿಂದೆ ಹೊಡೆದದ್ದೇ ಪೆಟ್ಟುಗಳು, ಈಗ ಒಂದಕ್ಕೊಂದು ಮಾತಾಡುವುದು ನಿಮಗೇ ಕೇಳುತ್ತದೆ. ಒಂದು ಎಚ್ಚರಿಕೆ: ಕ್ಲಾವೆಯ ಯಾವ ಅರ್ಧದಿಂದ ಹಾಡು ಶುರುವಾಗುತ್ತದೆ ಅನ್ನುವುದನ್ನು ರೆಕಾರ್ಡ್ ಜೊತೆ ತಟ್ಟಿ ಕಿವಿಯಿಂದಲೇ ಕಂಡುಕೊಳ್ಳಿ. ಒಂದು ಅರ್ಧದಿಂದ ಶುರು ಮಾಡಿದರೆ ಹಾಡುವವರ ಸಾಲಿನ ಒತ್ತುಗಳು ಕ್ಲಾವೆಯ ಮೇಲೆ ಬೀಳುತ್ತವೆ, ಇನ್ನೊಂದರಿಂದ ಮಾಡಿದರೆ ಡಿಕ್ಕಿ ಹೊಡೆಯುತ್ತವೆ. ತಿರುವು ಮುರುವಾದರೆ ಇಡೀ ಬ್ಯಾಂಡಿಗೆ ಚಪ್ಪಲಿ ಎಡ ಬಲ ಬದಲಾದ ಹಾಗೆ.

ನಾಲ್ಕು ಸ್ಟಿಕ್ ಕೊನೆಗೆ, ಮನಸ್ಸಿದ್ದರೆ ಮಾತ್ರ. ಎರಡು ಸ್ಟಿಕ್‌ನಲ್ಲೇ ಎಷ್ಟೋ ಜನ ಈ ನಡೆಯನ್ನು ಚೆನ್ನಾಗಿ ನುಡಿಸುತ್ತಾರೆ. ಹಿಡಿಯುವುದಾದರೆ ಹಗುರ ಸ್ಟಿಕ್ ಆರಿಸಿ. ಮೊದಲ ದಿನಗಳಲ್ಲಿ ತೋರುಬೆರಳಿನ ಪಕ್ಕ ಬೊಬ್ಬೆ ಏಳುತ್ತದೆ, ಅಲ್ಲಿ ಬಟ್ಟೆಯ ಪ್ಲಾಸ್ಟರ್ ಸುತ್ತಿ. ಜೋರಾಗಿ ಹೊಡೆಯುವ ಅಗತ್ಯವೇ ಇಲ್ಲ. ಎರಡು ತುದಿಯಿಂದ ಬರುವ ಅಗಲವೇ ಸಾಕು, ಬಲ ಹಾಕಿದರೆ ಆ ಅಗಲವೂ ಹೋಗುತ್ತದೆ.

ಇನ್ನು ನಿಮ್ಮ ಬ್ಯಾಂಡಿನವರಿಗೆ ಎರಡು ಮಾತು. ಬೇಸ್‌ನವರು ನಿಮ್ಮ ಕಿಕ್ ಹಿಂದೆ ಓಡದಿರಲಿ. ರೆಕಾರ್ಡಿನಲ್ಲಿ ಲೆವಿನ್ ಅವರ ಬೇಸ್ ತನ್ನದೇ ದಾರಿಯಲ್ಲಿ ಹೋಗುತ್ತದೆ, ಗಿಟಾರ್ ಇನ್ನೊಂದು ದಾರಿಯಲ್ಲಿ. ಗಿಟಾರಿಸ್ಟ್ ಎಲ್ಲ ಜಾಗವನ್ನೂ ತುಂಬಿ ಕೆರೆಯುತ್ತಾ ಕೂತರೆ ನೀವು ಬಿಟ್ಟ ಜಾಗಕ್ಕೆ ಬೆಲೆ ಇರುವುದಿಲ್ಲ. ಹಟ ಹಿಡಿದವನು ಅವನೇ ಅಲ್ವಾ, ಅವನಿಗೂ ತಕಿಟ ಕಲಿಸಿ. ನಡುವೆ ಬರುವ ತುತ್ತೂರಿಗಳ ಭಾಗ ಸಾಲ್ಸಾ ತಂಡದ ಹಾಗೆ ಮೇಲೆದ್ದು ಬರುತ್ತದೆ. ಅದನ್ನು ಜೋಡಿಸಿದವರು ಡೇವ್ ಗ್ರೂಸಿನ್. ನಿಮ್ಮಲ್ಲಿ ತುತ್ತೂರಿ ಇಲ್ಲದಿದ್ದರೆ ಕೀಬೋರ್ಡಿನವರು ನುಡಿಸಲಿ, ಆದರೆ ಸ್ವರಗಳನ್ನು ಎಳೆಯದೆ ಚುಟುಕಾಗಿ ಕತ್ತರಿಸಲಿ. ಆಲ್ಬಮ್‌ನಲ್ಲಿ ಪರ್ಕಷನ್‌ಗೆ, ಅಂದರೆ ಬಿಡಿ ತಾಳವಾದ್ಯಗಳಿಗೆ, ರಾಲ್ಫ್ ಮೆಕ್‌ಡೊನಾಲ್ಡ್ ಕೂಡ ಇದ್ದರು. ಅಂದರೆ ಎಲ್ಲ ಸದ್ದನ್ನೂ ನೀವೊಬ್ಬರೇ ಹೊರಬೇಕು ಅಂತಿಲ್ಲ. ಕಾಲೇಜಿನಲ್ಲಿ ತುಂಬಾನೋ ಬೊಂಗೊನೋ ಬಾರಿಸುವ ಹುಡುಗಿ ಹುಡುಗ ಯಾರಾದರೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಗ ಆ ಎರಡು ಟಾಮ್ ಪೆಟ್ಟನ್ನು ಅವರಿಗೆ ಬಿಟ್ಟುಕೊಟ್ಟು ನೀವು ಹಗುರಾಗಬಹುದು.

ವೇದಿಕೆಯ ಮೇಲೆ ಇದು ಹೇಗೆ ನಿಲ್ಲುತ್ತದೆ ಅಂತ ಕೇಳಬೇಕಿದ್ದರೆ 1981ರ ಸೆಪ್ಟೆಂಬರ್ 19ರ ಸೆಂಟ್ರಲ್ ಪಾರ್ಕ್ ಕಛೇರಿ ಹುಡುಕಿ. ಸೈಮನ್ ಮತ್ತು ಅವರ ಹಳೆಯ ಜೊತೆಗಾರ ಗಾರ್‌ಫಂಕಲ್ ಮತ್ತೆ ಒಟ್ಟಿಗೆ ಹಾಡಿದ ದಿನ, ಸುಮಾರು 5 ಲಕ್ಷ ಜನ ಸೇರಿದ್ದರು ಅನ್ನುತ್ತಾರೆ. ಅಲ್ಲಿ ಮಾತ್ರ ಡ್ರಮ್ಮರ್ ಇಬ್ಬರು, ಗ್ಯಾಡ್ ಜೊತೆಗೆ ಗ್ರೇಡಿ ಟೇಟ್. ನಿಮ್ಮ ಇಬ್ಬರು ಡ್ರಮ್ಮರ್ ಅನುಮಾನ ಅಲ್ಲಿಗೆ ನಿಜವೇ. ಈ ಹಾಡನ್ನು ಆವತ್ತು ಎರಡು ಸಲ ನುಡಿಸಿದರು. ಕಾರ್ಯಕ್ರಮ ಮುಗಿಸಿದ್ದೂ ಇದರಿಂದಲೇ.

ಫೆಸ್ಟ್ ದಿನ ಸ್ಟೂಲ್ ಪಕ್ಕದಲ್ಲಿ ಇನ್ನೊಂದು ಜೊತೆ ಸ್ಟಿಕ್ ಸಿಕ್ಕಿಸಿಟ್ಟುಕೊಳ್ಳಿ. ಒಂದು ಒಣ ಟವೆಲ್ ಕೂಡ ಇರಲಿ. ಹಾರಿದ ಸ್ಟಿಕ್ ಯಾರ ಮಡಿಲಿಗೆ ಬಿತ್ತು ಅಂತ ನೋಡಲು ಹೋಗಬೇಡಿ, ನಾನು ನೋಡಿ ತಾಳ ತಪ್ಪಿಸಿದ್ದೆ.